ಭತ್ತದ ಗದ್ದೆಯಲ್ಲಿ ಸಾಲ್ಮನ್ ಮರಿಗಳ ಪಾಲನೆ

ಭತ್ತದ ಕೊಯ್ಲಾದ ಮೇಲೆ ಮುಂದಿನ ಬಿತ್ತನೆಯವರೆಗೆ ಗದ್ದೆ ಬಿಡುವಾಗಿರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಸ್ಯಾಕ್ರಮೆಂಟೊ ನದಿಯ ಬಯಲಿನಲ್ಲಿ ಈ ಬಿಡುವಿನಲ್ಲಿ ಗದ್ದೆಗೆ ನೀರು ನಿಲ್ಲಿಸಿ, ಸಂಖ್ಯೆಯಲ್ಲಿ ಕುಗ್ಗುತ್ತಿರುವ ಸಾಲ್ಮನ್ ಮೀನಿನ ಮರಿಗಳಿಗೆ ನೆಲೆ ಒದಗಿಸುವ ಪ್ರಯತ್ನ ನಡೆದಿದೆ. ಇದರ ವಿವರಗಳು ಭತ್ತ ಬೆಳೆಯುವವರೆಲ್ಲರೂ ತಿಳಿಯತಕ್ಕವು.

ಸಾಲ್ಮನ್ ಮೀನಿನ ಜೀವನಕ್ರಮ

ಸಾಲ್ಮನ್ ಹುಟ್ಟುವುದು ಸಿಹಿನೀರಿನಲ್ಲಿ, ಬಲಿಯುವುದು ಸಮುದ್ರದಲ್ಲಿ. ಈ ನದಿಯ ಚಿನೂಕ್ ಜಾತಿಯ ಸಾಲ್ಮನ್ ತಣ್ಣನೆಯ ಹರಿಯುವ ನೀರಿನಲ್ಲಿ, ಗರಸುಕಲ್ಲುಗಳ ನಡುವೆ ಮೊಟ್ಟೆ ಇಡುತ್ತದೆ. ಮರಿಗಳು ಹೊಳೆಯಗುಂಟ ಇಳಿದು ಸಮುದ್ರ ಸೇರಿ, ಕೆಲವು ವರ್ಷಗಳ ನಂತರ ಹೊಳೆಗೆ ಮರಳಿ ಬಂದು, ಮೊಟ್ಟೆ ಇಟ್ಟು ಸಾಯುತ್ತವೆ. ಸಮುದ್ರ ಸೇರುವಾಗ ಮರಿ ದೊಡ್ಡದಿದ್ದಷ್ಟೂ ಬದುಕುಳಿಯುವ ಸಂಭವ ಹೆಚ್ಚು. ಆದುದರಿಂದ ದಾರಿಯಲ್ಲಿ ಸಿಗುವ ಆಹಾರ ಬಹು ಮುಖ್ಯ.

ನೆಲೆ ತಪ್ಪಿದ ಬಗೆ

ಹಿಂದೆ ಚಳಿಗಾಲದ ಮಳೆಗೆ ನದಿ ಉಕ್ಕಿ ಬಯಲಿನ ಮೇಲೆ ಹರಡುತ್ತಿತ್ತು. ಮರಿಗಳು ಪಕ್ಕದ ಕವಲು, ಹಳೆಯ ಪಾತ್ರ, ಜೌಗುಗಳಲ್ಲಿ ತಂಗಿ ಮೇಯ್ದು ಕೊಬ್ಬುತ್ತಿದ್ದವು. ಪ್ರವಾಹ ತಡೆಯಲೂ ಸಾಗುವಳಿ ಹೆಚ್ಚಿಸಲೂ ದಂಡೆಯುದ್ದಕ್ಕೂ ಏರಿ ಹಾಕಿದ ಮೇಲೆ ನದಿ ಕಾಲುವೆಯಂತಾಯಿತು. ಕ್ಯಾಲಿಫೋರ್ನಿಯದ ಮಧ್ಯ ಕಣಿವೆಯಲ್ಲಿ ಇಂಥ ನೆರೆಬಯಲಿನ ಜೌಗು ನೆಲೆಯಲ್ಲಿ ಈಗ ಉಳಿದಿರುವುದು ಶೇಕಡ 5ಕ್ಕಿಂತ ಕಡಿಮೆ. 1945ರಲ್ಲಿ ಪೂರ್ಣಗೊಂಡ ಶಾಸ್ತಾ ಅಣೆಕಟ್ಟು ಮೇಲ್ಭಾಗದ ಮೊಟ್ಟೆಯಿಡುವ ತಾಣಗಳಿಗೆ ದಾರಿ ಮುಚ್ಚಿತು. ಇವುಗಳ ಜೊತೆಗೆ ಬರಗಾಲವೂ ಸೇರಿ, 2023, 2024 ಮತ್ತು 2025ರಲ್ಲಿ ಆ ರಾಜ್ಯದ ಕಡಲಿನಲ್ಲಿ ಸಾಲ್ಮನ್‌ನ ವಾಣಿಜ್ಯ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಮೀನುಗಾರರು ಕೆಲಸ ಕಳೆದುಕೊಂಡರು.

ಗದ್ದೆಯ ಪ್ರಯೋಗ

ಈ ಭಾಗದ ರೈತರು ಹಿಂದೆ ಕೊಯ್ಲಾದ ಗದ್ದೆಯ ಹುಲ್ಲನ್ನು ಸುಡುತ್ತಿದ್ದರು. 1991ರ ಕಾನೂನು ಅದನ್ನು ಹಂತಹಂತವಾಗಿ ಮಿತಿಗೊಳಿಸಿದ್ದರಿಂದ, ಚಳಿಗಾಲದಲ್ಲಿ ನೀರು ನಿಲ್ಲಿಸಿ ಹುಲ್ಲು ಕೊಳೆಸುವ ಪದ್ಧತಿ ಹರಡಿತು. ಈ ನೀರು ಮೀನಿಗೂ ಆದೀತೇ ಎಂದು ಪರೀಕ್ಷಿಸಲು 2012ರಲ್ಲಿ ಯೋಲೊ ಬೈಪಾಸ್ ಎಂಬ ನೆರೆಬಯಲಿನಲ್ಲಿ 2 ಹೆಕ್ಟೇರು ಗದ್ದೆಗೆ ಸುಮಾರು 10,000 ಮರಿಗಳನ್ನು ಬಿಡಲಾಯಿತು. ಬಿಡುವಾಗ ಅವುಗಳ ಉದ್ದ ಸುಮಾರು 48 ಮಿ.ಮೀ., ತೂಕ 1.1 ಗ್ರಾಂ. ಆರು ವಾರಗಳಲ್ಲಿ ಅವು ದಿನಕ್ಕೆ ಸರಾಸರಿ 0.76 ಮಿ.ಮೀ.ನಂತೆ ಬೆಳೆದವು. ಕ್ಯಾಲಿಫೋರ್ನಿಯದ ಸಿಹಿನೀರಿನಲ್ಲಿ ದಾಖಲಾದ ಅತಿ ಹೆಚ್ಚಿನ ಬೆಳವಣಿಗೆಗಳಲ್ಲಿ ಇದೂ ಒಂದು.

ಇದಕ್ಕೆ ಕಾರಣ ಸರಳ. ಆಳವಿಲ್ಲದ ನಿಂತ ನೀರು ಬಿಸಿಲಿಗೆ ಬೇಗ ಬೆಚ್ಚಗಾಗುತ್ತದೆ. ಕೂಳೆ ಮತ್ತು ಹುಲ್ಲು ಕೊಳೆತು ಸೂಕ್ಷ್ಮಜೀವಿಗಳು ಹೆಚ್ಚುತ್ತವೆ. ಅವುಗಳನ್ನು ತಿಂದು ನೀರುಚಿಗಟಗಳು ವೃದ್ಧಿಯಾಗುತ್ತವೆ. ಮರಿಗಳ ಹೊಟ್ಟೆಯನ್ನು ಪರೀಕ್ಷಿಸಿದಾಗ ಈ ನೀರುಚಿಗಟಗಳೇ ಮುಖ್ಯ ಆಹಾರವೆಂದು ಕಂಡುಬಂದಿತು. ಏರಿಗಳ ನಡುವೆ ರಭಸದಿಂದ ಹರಿಯುವ ನದಿಯಲ್ಲಿ ಇವು ಬೆಳೆಯಲು ಸಮಯವೇ ಸಿಗುವುದಿಲ್ಲ.

ಗಮನಿಸಬೇಕಾದ ಅಂಶಗಳು

1. ನೀರು ಬಸಿಯುವಾಗ ಮರಿಗಳು ತಗ್ಗುಗಳಲ್ಲಿ ಸಿಕ್ಕಿಕೊಳ್ಳಬಾರದು. ಗದ್ದೆ ಸಮತಟ್ಟಾಗಿದ್ದು, ತೂಬಿನಿಂದ ನದಿಯವರೆಗೆ ದಾರಿ ತೆರೆದಿರಬೇಕು.

2. ಆಳವಿಲ್ಲದ ನೀರಿನಲ್ಲಿ ಮೀನು ತಿನ್ನುವ ಹಕ್ಕಿಗಳ ಕಾಟ ಹೆಚ್ಚು.

3. ಏರಿಯ ಆಚೆಗಿರುವ ಗದ್ದೆಗಳಿಗೆ ಮೀನು ಬರಲಾರದು. ಅಲ್ಲಿ ಕೆಲವು ವಾರ ನೀರು ನಿಲ್ಲಿಸಿ, ನೀರುಚಿಗಟ ತುಂಬಿದ ಆ ನೀರನ್ನೇ ನದಿಗೆ ಹರಿಸುವ ಕ್ರಮವನ್ನೂ ಪ್ರಯೋಗಿಸಲಾಗಿದೆ.

4. ಎಲ್ಲಕ್ಕಿಂತ ಮುಖ್ಯವಾದುದು ಕಾಲ. ಅಲ್ಲಿ ಭತ್ತದ ಬಿತ್ತನೆ ಏಪ್ರಿಲ್–ಮೇ ತಿಂಗಳಲ್ಲಿ ನಡೆಯುತ್ತದೆ. ನೀರು ತಡವಾಗಿ ಇಳಿದರೆ ಭೂಮಿ ಆರುವುದಿಲ್ಲ, ಬಿತ್ತನೆ ಹಿಂದೆ ಬೀಳುತ್ತದೆ, ನಷ್ಟ ರೈತನಿಗೆ.

ಈ ಕೊನೆಯ ಅಂಶವೇ ರೈತರ ಮುಖ್ಯ ಆತಂಕವಾಗಿತ್ತು. ಹಿಂದೆ ನದಿಯ ನೀರು ಫ್ರೀಮಾಂಟ್ ಕಟ್ಟೆಯನ್ನು ಮೀರಿದಾಗ ಮಾತ್ರ ಮೀನು ಬಯಲಿಗೆ ಬರುತ್ತಿತ್ತು. ಈಗ ಆ ಕಟ್ಟೆಯಲ್ಲಿ ಬಾಗಿಲುಗಳುಳ್ಳ ತಗ್ಗು ದಾರಿ ಮಾಡಿ 2024ರಲ್ಲಿ ಕಾಮಗಾರಿ ಮುಗಿಸಲಾಗಿದೆ. ಈ ಬಾಗಿಲುಗಳ ಮೂಲಕ ನವೆಂಬರ್ 1ರಿಂದ ಮಾರ್ಚ್ 15ರವರೆಗೆ ಮಾತ್ರ ನೀರು ಬಿಡುವುದೆಂದು ಗೊತ್ತುಪಡಿಸಿರುವುದು ಬಿತ್ತನೆಗೆ ಅಡ್ಡಿಯಾಗದಿರಲೆಂದೇ.

ನಮ್ಮ ಅಘನಾಶಿನಿ ನದೀಮುಖದ ಗಜನಿ ರೈತರಿಗೆ ಈ ವಿಷಯ ಹೊಸದಲ್ಲ. ಮಳೆಗಾಲದಲ್ಲಿ ಕಗ್ಗ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ ಎಂಬ ಪದ್ಧತಿ ಅಲ್ಲಿ ಬಹುಕಾಲದಿಂದ ಬಂದಿದೆ. ಎರಡೂ ಕಡೆ ಒಂದೇ ನೆಲ ಭತ್ತಕ್ಕೂ ಮೀನಿಗೂ ಆಗುವುದು, ನೀರು ಬಿಡುವ ಮತ್ತು ತೆಗೆಯುವ ದಿನಗಳನ್ನು ರೈತರೆಲ್ಲರೂ ಸೇರಿ ಪಾಲಿಸಿದಾಗ ಮಾತ್ರ.