ನಿದ್ದೆ ನೋಡಿ ಕೆಲಸ ಹಂಚಿ

ಬಿತ್ತುವಾಗ ಹದ ನೋಡುತ್ತೇವೆ. ನೊಗ ಕಟ್ಟುವಾಗ ಯಾವ ಎತ್ತು ಎಡಕ್ಕೆ ಒಗ್ಗುತ್ತೆ, ಯಾವುದು ಬಲಕ್ಕೆ ಅಂತ ನೋಡುತ್ತೇವೆ. ಆದರೆ ಮನೆಯ ಮನುಷ್ಯರಲ್ಲಿ ಯಾರಿಗೆ ಯಾವ ಹೊತ್ತು ಒಗ್ಗುತ್ತೆ ಎಂದು ನೋಡುವವರು ಕಡಿಮೆ. ನಾನೂ ನೋಡಿರಲಿಲ್ಲ. ಅದರಿಂದ ಒಂದು ವರ್ಷ ಶೇಂಗಾ ಕಳೆದುಕೊಂಡೆ, ಮಗನ ಬೆರಳೂ ಹೋಗುವುದರಲ್ಲಿತ್ತು.

ನಮ್ಮದು ಚಳ್ಳಕೆರೆ ಕಡೆಯ ಮಳೆಯಾಶ್ರಿತ ಹೊಲ. ಮುಂಗಾರಿಗೆ ಶೇಂಗಾ, ಆಮೇಲೆ ಇನ್ನೊಂದು ತುಂಡಿನಲ್ಲಿ ಹುರುಳಿ. ಶೇಂಗಾ ಕಾಯಿ ಬಲಿಯುವ ಹೊತ್ತಿಗೆ ಕಾಡುಹಂದಿ ಕಾಟ ಶುರು. 2021ರಲ್ಲಿ ಕಾವಲಿಗೆ ನಾನೇ ಹೋಗುತ್ತಿದ್ದೆ. ಬೆಳಿಗ್ಗೆ ಏಳೋಕೇ ಆಗದ ಮಗ ಕಾವಲು ಏನು ಕಾದಾನು ಎಂಬ ಲೆಕ್ಕ ನನ್ನದು. ನನಗೋ ಒಂಬತ್ತಾದರೆ ಕಣ್ಣು ಎಳೆಯುತ್ತೆ. ಅಟ್ಟಣೆ ಮೇಲೆ ಡಬ್ಬ, ಬ್ಯಾಟರಿ ಇಟ್ಟುಕೊಂಡು ಕೂತವನು ಒಂದು ರಾತ್ರಿ ಹತ್ತೂವರೆಗೇ ಮಲಗಿಬಿಟ್ಟೆ. ನಾಲ್ಕಕ್ಕೆ ಎದ್ದು ನೋಡಿದರೆ ಅರ್ಧ ಎಕರೆ ನೇಗಿಲು ಹೊಡೆದ ಹಾಗಿತ್ತು.

ಅದೇ ವರ್ಷ ಡಿಸೆಂಬರಿನಲ್ಲಿ ಹುರುಳಿ ಕೊಯ್ಲು. ಹುರುಳಿಯನ್ನು ಇಬ್ಬನಿ ಇರುವಾಗಲೇ ಕೊಯ್ಯಬೇಕು, ಬಿಸಿಲೇರಿದರೆ ಕಾಯಿ ಸಿಡಿದು ಕಾಳು ನೆಲದ ಪಾಲು. ಮಗನನ್ನು ನಾಲ್ಕೂವರೆಗೆ ಬೈದು ಎಬ್ಬಿಸಿದೆ. ತೂಕಡಿಸುತ್ತಲೇ ಕುಡುಗೋಲು ಎಳೆದ, ಎಡಗೈ ಬೆರಳಿಗೆ ಬಿತ್ತು. ಐದು ಹೊಲಿಗೆ.

ಹೊಲಿಗೆ ಹಾಕಿದ ಡಾಕ್ಟರು, "ಎಷ್ಟು ಹೊತ್ತಿಗೆ ಮಲಗಿದ್ದೆಯಪ್ಪಾ?" ಎಂದರು. "ಹನ್ನೆರಡೂವರೆ ಸಾರ್" ಎಂದ. "ನಾಲ್ಕು ಗಂಟೆ ನಿದ್ದೆ ಮಾಡಿದವನ ಕೈಗೆ ಕುಡುಗೋಲು ಕೊಟ್ಟಿದ್ದೀರಲ್ಲ ಯಜಮಾನರೇ!" ಎಂದು ನನ್ನ ಕಡೆ ತಿರುಗಿದರು. "ಸೋಮಾರಿ ಸಾರ್, ಎಲ್ಲಾ ಮೊಬೈಲಿನ ಪ್ರಭಾವ" ಎಂದೆ. "ಮೊಬೈಲೂ ಇದೆ, ವಯಸ್ಸೂ ಇದೆ, ಹುಟ್ಟಿನ ಗುಣವೂ ಇದೆ" ಎಂದು ಅವರು ಬಿಡಿಸಿ ಹೇಳಿದರು.

ಒಳಗಿನ ಗಡಿಯಾರ

ಶೇಂಗಾ ಗಿಡದ ಎಲೆ ಸಂಜೆಗೆ ಮಡಚಿಕೊಂಡು ಬೆಳಿಗ್ಗೆ ಬಿಚ್ಚಿಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ. ಬಿಸಿಲು ಹೋಯಿತು, ಅದಕ್ಕೆ ಮಡಚಿತು ಅಂದುಕೊಂಡಿದ್ದೆ. ಅಷ್ಟೇ ಅಲ್ಲವಂತೆ. 1729ರಲ್ಲೇ ಫ್ರಾನ್ಸಿನ ದ ಮೇರಾನ್ ಎಂಬುವರು ಮುಟ್ಟಿದರೆ ಮುನಿ ಗಿಡವನ್ನು ಕತ್ತಲಲ್ಲಿಟ್ಟು ನೋಡಿದರು. ಬಿಸಿಲು ಕಾಣದಿದ್ದರೂ ಅದು ಹಗಲಿಗೆ ಎಲೆ ಬಿಚ್ಚಿ ರಾತ್ರಿಗೆ ಮಡಚುತ್ತಿತ್ತು. ಕೋಳಿಯೂ ಹಾಗೆಯೇ. ಒಂದೇ ಸಮ ಮಬ್ಬು ಬೆಳಕಿನಲ್ಲಿಟ್ಟರೂ ಹೊತ್ತಿಗೆ ಸರಿಯಾಗಿ ಕೂಗುತ್ತದೆ ಎಂದು ಜಪಾನಿನ ವಿಜ್ಞಾನಿಗಳು 2013ರಲ್ಲಿ ತೋರಿಸಿದರು. ಹಣ್ಣಿನ ನೊಣದಲ್ಲಿ ಈ ಗಡಿಯಾರ ಹೇಗೆ ನಡೆಯುತ್ತದೆ ಎಂದು ಬಿಡಿಸಿದ ಅಮೆರಿಕದ ಹಾಲ್, ರಾಸ್‌ಬಾಶ್, ಯಂಗ್ ಎಂಬ ಮೂವರಿಗೆ 2017ರ ನೊಬೆಲ್ ಬಂತು.

ಮನುಷ್ಯನೊಳಗೂ ಇಂಥ ಗಡಿಯಾರವಿದೆ. ಆದರೆ ಎಲ್ಲರದೂ ಒಂದೇ ಹೊತ್ತು ತೋರಿಸುವುದಿಲ್ಲ. ಸ್ವಲ್ಪ ತಂದೆತಾಯಿಯಿಂದ ಬರುತ್ತದೆ, ಸ್ವಲ್ಪ ವಯಸ್ಸಿನಿಂದ. ಚಿಕ್ಕ ಮಕ್ಕಳು ಬೇಗ ಮಲಗಿ ಬೇಗ ಏಳುತ್ತಾರೆ. ಮೀಸೆ ಬರುವ ಕಾಲಕ್ಕೆ ನಿದ್ದೆ ಹಿಂದಕ್ಕೆ ಸರಿಯುತ್ತದೆ, ಇಪ್ಪತ್ತರ ಸುಮಾರಿಗೆ ತೀರಾ ತಡವಾಗುತ್ತದೆ. ಆಮೇಲೆ ವಯಸ್ಸಾದಂತೆ ಮತ್ತೆ ಮುಂದಕ್ಕೆ ಬರುತ್ತದೆ. ಯೋಚಿಸಿದೆ. ಇಪ್ಪತ್ತರಲ್ಲಿ ನಾನೇ ಬೆಳಗಾಗುವ ತನಕ ಬಯಲಾಟ ನೋಡಿ ಬರುತ್ತಿದ್ದೆನಲ್ಲ! ಈಗ ಐವತ್ತು ದಾಟಿದ ಮೇಲೆ ಬೇಗ ಏಳೋದನ್ನ ನನ್ನ ದೊಡ್ಡ ಗುಣ ಅಂತ ಹೇಳಿಕೊಳ್ಳುತ್ತಿದ್ದೆ.

ನಿಮ್ಮ ಹೊತ್ತು ತಿಳಿಯುವ ಬಗೆ

ಸುಗ್ಗಿ ಮುಗಿದು ಕೆಲಸ ಕಡಿಮೆ ಇರುವಾಗ ಒಂದು ವಾರ ಹೀಗೆ ಮಾಡಿ. ಅಲಾರಂ ಬೇಡ, ಯಾರೂ ಎಬ್ಬಿಸೋದು ಬೇಡ. ಕತ್ತಲಾದ ಮೇಲೆ ಮೊಬೈಲು, ಟಿ.ವಿ. ದೂರವಿಡಿ, ಅದರ ಬೆಳಕು ನಿದ್ದೆಯನ್ನು ಹಿಂದಕ್ಕೆ ತಳ್ಳುತ್ತದೆ. ಮಲಗಿದ್ದು, ಎದ್ದಿದ್ದು ಬರೆದಿಟ್ಟು ನಡುಮಧ್ಯದ ಹೊತ್ತು ತೆಗೆಯಿರಿ.

ನನ್ನದು ಒಂಬತ್ತರಿಂದ ನಾಲ್ಕು, ಮಧ್ಯ ಹನ್ನೆರಡೂವರೆ. ಮಗ ಮೊಬೈಲು ಬಿಟ್ಟ ಮೇಲೆ ಹನ್ನೊಂದೂವರೆಗೆ ಮಲಗಿದ, ಅದಕ್ಕಿಂತ ಮುಂಚೆ ನಿದ್ದೆ ಹತ್ತಲೇ ಇಲ್ಲ. ಎದ್ದಿದ್ದು ಏಳೂವರೆಗೆ, ಮಧ್ಯ ಮೂರೂವರೆ. ಇಬ್ಬರಿಗೂ ಮೂರು ಗಂಟೆ ಅಂತರ. ಒಂದು ಗಂಟೆ ಮಾತ್ರ ಮೊಬೈಲಿನದು, ಉಳಿದದ್ದು ಅವನ ಗುಣ.

ನನ್ನ ಹೆಂಡತಿ ಒಂದೇ ಮಾತಲ್ಲಿ ಮುಗಿಸಿದಳು. "ನಿಮಗೆ ರಾತ್ರಿ ಆಗಲ್ಲ, ಅವನಿಗೆ ಬೆಳಿಗ್ಗೆ ಆಗಲ್ಲ. ಅದಲು ಬದಲು ಮಾಡಿಕೊಂಡರೆ ನಿಮ್ಮ ಗಂಟೇನು ಹೋಗುತ್ತೆ?"

2022ರಿಂದ ಹಾಗೆಯೇ ಮಾಡಿದ್ದೇವೆ. ಎರಡೂವರೆ ತನಕ ಮಗ, ಪಕ್ಕದ ಹೊಲದ ಹುಡುಗನ ಜೊತೆಗೆ. ನಾನು ಎಂಟಕ್ಕೇ ಮಲಗಿ ಎರಡೂವರೆಗೆ ಹೋಗುತ್ತೇನೆ. ಅವನು ಬಂದು ಮಲಗಿದರೆ ಒಂಬತ್ತೂವರೆ ತನಕ ಯಾರೂ ಮಾತಾಡಿಸುವಂತಿಲ್ಲ. ಇಬ್ಬನಿಯ ಹುರುಳಿ ಕೊಯ್ಲು ನಾವು ಗಂಡ ಹೆಂಡತಿಯದು, ಬಿಸಿಲಿನ ಒಕ್ಕಣೆ ಅವನದು. ಹಂದಿ ಬರೋದು ನಿಂತಿತು ಅನ್ನಲಾರೆ. ಅಂಚಿನ ಸಾಲು ಹೋಗುತ್ತವೆ, ಅರ್ಧ ಎಕರೆ ಮತ್ತೆ ಹೋಗಿಲ್ಲ.

ನೆನಪಿಡಬೇಕಾದ್ದು

* ಗುಣ ಯಾವುದಾದರೂ ದೊಡ್ಡವರಿಗೆ ಏಳು ಗಂಟೆಯಾದರೂ ನಿದ್ದೆ ಬೇಕು. ರಾತ್ರಿ ಎದ್ದವರಿಗೆ ಹಗಲು ಮಲಗಲು ಬಿಡಿ.
* ರಾತ್ರಿ ಕರೆಂಟಿಗೆ ಮೋಟಾರು ಹಾಕುವವರು, ಮನೆಯಲ್ಲಿ ತಡವಾಗಿ ಮಲಗುವವರನ್ನೇ ಕಳಿಸಿ.
* ನಿದ್ದೆಗೆಟ್ಟ ದಿನ ಒಕ್ಕಣೆ ಯಂತ್ರ, ಮೇವು ಕತ್ತರಿಸುವ ಯಂತ್ರ, ಟ್ರ್ಯಾಕ್ಟರ್ ಮುಟ್ಟಬೇಡಿ.
* ಬೇಗ ಏಳಲೇಬೇಕಾದವರು ಎದ್ದ ಕೂಡಲೇ ಬೆಳಕಿಗೆ ಬನ್ನಿ, ರಾತ್ರಿ ಬೆಳಕು ಕಡಿಮೆ ಮಾಡಿ. ಗಡಿಯಾರ ಸ್ವಲ್ಪ ಮುಂದಕ್ಕೆ ಸರಿಯುತ್ತದೆ, ಪೂರ್ತಿ ಬದಲಾಗುವುದಿಲ್ಲ.
* ಸಾಕಷ್ಟು ಮಲಗಿಯೂ ಹಗಲು ತೂಕಡಿಕೆ, ಜೋರು ಗೊರಕೆ ಇದ್ದರೆ ಅದು ಗುಣವಲ್ಲ. ಡಾಕ್ಟರಿಗೆ ತೋರಿಸಿ.

ಬೆರಳು ಕುಯ್ದುಕೊಂಡ ದಿನ ಮಗ, "ದಿನಾ ಬೈಸಿಕೊಳ್ಳೋದಕ್ಕಿಂತ ಬೆಂಗಳೂರಿಗೆ ಹೋಗ್ತೀನಪ್ಪಾ" ಅಂದಿದ್ದ. ಹೊಲದಲ್ಲಿ ಗಿಟ್ಟದಿದ್ದರೆ ಮುಂದೆ ಹೋದರೂ ಹೋದಾನು, ಮಳೆ ನಂಬಿದವರ ಮಕ್ಕಳಿಗೆ ಇರು ಎಂದು ಹೇಗೆ ಹೇಳೋದು? ಆದರೆ ನನ್ನ ಬೈಗುಳಕ್ಕೆ ಬೇಸತ್ತು ಹೋಗೋದು ಬೇಡ.