ಕಡಿಮೆ ದುಡ್ಡಿನಲ್ಲಿ ಗಾಲ್ಫ್ ಕ್ಲಬ್: ಪುಣೆಯ ಹೊಸಬರಿಗೆ

ಗಾಲ್ಫ್ ಆಡುವವರು ಚೀಲದಲ್ಲಿ 14ಕ್ಕಿಂತ ಹೆಚ್ಚು ಕ್ಲಬ್ ಒಯ್ಯುವಂತಿಲ್ಲ ಎಂಬುದು ನಿಯಮ. ಕನಿಷ್ಠ ಇಷ್ಟಿರಬೇಕು ಎಂದು ಯಾವ ನಿಯಮವೂ ಹೇಳುವುದಿಲ್ಲ. ಹೊಸದಾಗಿ ಕಲಿಯುವವರಿಗೆ ಏಳು ಸಾಕು: ಪಟರ್, ಸ್ಯಾಂಡ್ ವೆಜ್, ಪಿಚಿಂಗ್ ವೆಜ್, 9 ಮತ್ತು 7ರ ಐರನ್, ಒಂದು ಹೈಬ್ರಿಡ್, ಒಂದು ಫೇರ್‌ವೇ ವುಡ್. ಇದಕ್ಕೆ ಹಾಫ್ ಸೆಟ್ ಎನ್ನುತ್ತಾರೆ. ಹೆಸರಾಂತ ಕಂಪನಿಯ ಹೊಸ ಪೂರ್ಣ ಸೆಟ್ಟಿನ ಬೆಲೆ ಲಕ್ಷ ರೂಪಾಯಿ ದಾಟುವುದು ಮಾಮೂಲು. ಆದ್ದರಿಂದ ಉಳಿತಾಯ ಶುರುವಾಗುವುದೇ ಈ ಎಣಿಕೆಯಿಂದ. ಬಲು ದೂರ ಹೊಡೆಯಲು ಬಳಸುವ ಡ್ರೈವರ್ ಕೊಳ್ಳುವುದನ್ನು ಕೆಲವು ತಿಂಗಳು ಮುಂದೂಡಬಹುದು. ಅದು ಎಲ್ಲಕ್ಕಿಂತ ದುಬಾರಿ, ಹೊಸಬರ ಕೈಗೆ ಎಲ್ಲಕ್ಕಿಂತ ತಡವಾಗಿ ಒಗ್ಗುವುದೂ ಅದೇ.

ಹಳೆಯ ಕ್ಲಬ್ ಹುಡುಕುವವರಿಗೆ ಪುಣೆ ಒಳ್ಳೆಯ ಊರು. ಯರವಡಾದಲ್ಲಿ ಪೂನಾ ಕ್ಲಬ್ಬಿನ 18 ಹೋಲ್‌ಗಳ ಮೈದಾನವಿದೆ, ಬಾವಧನ್ ಕಡೆಯ ಗುಡ್ಡಗಳಲ್ಲಿ ಆಕ್ಸ್‌ಫರ್ಡ್ ಗಾಲ್ಫ್ ರೆಸಾರ್ಟ್ ಇದೆ. ಸೇನೆಯ ದಕ್ಷಿಣ ಕಮಾಂಡಿನ ಕೇಂದ್ರ ಕಚೇರಿಯೂ ಖಡಕವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯೂ ಇಲ್ಲಿಯೇ ಇರುವುದರಿಂದ, ಗಾಲ್ಫ್ ಆಡುವ ಸೇನಾಧಿಕಾರಿಗಳ ಸಂಖ್ಯೆಯೂ ದೊಡ್ಡದು. ವರ್ಗಾವಣೆ, ನಿವೃತ್ತಿಯ ಹೊತ್ತಿಗೆ ಸೆಟ್ಟುಗಳು ಕೈ ಬದಲಾಯಿಸುವುದುಂಟು. ಯಾರ ಸೆಟ್ ಮಾರಾಟಕ್ಕಿದೆ, ಅದು ಎಷ್ಟು ಸವೆದಿದೆ ಎಂಬುದನ್ನು ಆಟಗಾರರ ಚೀಲ ಹೊರುವ ಕ್ಯಾಡಿಗಳಷ್ಟು ಚೆನ್ನಾಗಿ ಬಲ್ಲವರು ಬೇರೆ ಇಲ್ಲ. ಮೊದಲು ಅವರನ್ನು ಕೇಳುವುದೇ ಜಾಣತನ. ಹೊಸದೇ ಬೇಕೆಂದರೆ ಡೆಕಥ್ಲಾನ್ ಮಳಿಗೆಯವರ ಇನೆಸಿಸ್ ಕ್ಲಬ್‌ಗಳು ಕೈಗೆಟಕುವ ಬೆಲೆಯವು.

ಹಳೆಯದು ಎಂದು ಹಿಂಜರಿಯಬೇಕಿಲ್ಲ. ಡ್ರೈವರ್ ತಲೆಯ ಗಾತ್ರ 460 ಘನ ಸೆಂಟಿಮೀಟರ್ ಮೀರಬಾರದು ಎಂಬ ಮಿತಿ 2004ರಲ್ಲೇ ಬಂದಿದೆ. ಅದರ ಮುಖ ಚೆಂಡನ್ನು ಎಷ್ಟು ಪುಟಿಸಬಹುದು ಎಂಬುದಕ್ಕೂ ಮಿತಿಯಿದೆ. ಹಾಗಾಗಿ ಹತ್ತು ವರ್ಷ ಹಳೆಯ ಡ್ರೈವರ್‌ಗೂ ಈ ವರ್ಷದ್ದಕ್ಕೂ ಬೆಲೆಯಲ್ಲಿರುವಷ್ಟು ವ್ಯತ್ಯಾಸ ಹೊಡೆತದಲ್ಲಿ ಇರುವುದಿಲ್ಲ. ಐರನ್‌ಗಳ ಕಥೆ ಇನ್ನೂ ಹಳೆಯದು. ಪಿಂಗ್ ಕಂಪನಿ ಕಟ್ಟಿದ ಕಾರ್ಸ್ಟನ್ ಸೋಲ್ಹೈಮ್ 1960ರ ದಶಕದಲ್ಲೇ ತಲೆಯ ಹಿಂಬದಿಯನ್ನು ಟೊಳ್ಳಾಗಿಸಿ ತೂಕವನ್ನು ಅಂಚುಗಳಿಗೆ ಹಂಚಿದರು. ಚೆಂಡು ನಟ್ಟನಡುವೆ ತಾಗದಿದ್ದರೂ ಇಂಥ ಕ್ಲಬ್ ಕೈಯಲ್ಲಿ ಅಷ್ಟಾಗಿ ತಿರುಚಿಕೊಳ್ಳುವುದಿಲ್ಲ. ಹೊಸಬರಿಗೆ ಬೇಕಾದದ್ದು ಈ ಕ್ಯಾವಿಟಿ ಬ್ಯಾಕ್ ಐರನ್ನೇ. ತೆಳ್ಳಗಿನ, ಹೊಳೆಯುವ ಬ್ಲೇಡ್ ಐರನ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ಬ್ರಾಂಡಿಗಿಂತ ಅಳತೆ ಮುಖ್ಯ. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನಿಂದ ನೆಲಕ್ಕೆ 34ರಿಂದ 36 ಇಂಚು ಇದ್ದರೆ ಸಾಮಾನ್ಯ ಉದ್ದದ ಕ್ಲಬ್ ಹೊಂದುತ್ತದೆ. ಗಂಡಸರ 7ರ ಐರನ್ ಸುಮಾರು 37 ಇಂಚು ಉದ್ದ, ಹೆಂಗಸರದ್ದು ಅದಕ್ಕಿಂತ ಸುಮಾರು ಒಂದು ಇಂಚು ಗಿಡ್ಡ. ಶಾಫ್ಟ್, ಅಂದರೆ ಕ್ಲಬ್ಬಿನ ಕೋಲು, ಎಷ್ಟು ಬಾಗುತ್ತದೆ ಎಂಬುದೂ ಅಷ್ಟೇ ಮುಖ್ಯ. ಪಳಗಿದ ಆಟಗಾರರು ಮಾರುವ ಸೆಟ್ಟುಗಳಲ್ಲಿ ಹೆಚ್ಚಾಗಿ ‘ಎಸ್’ ಗುರುತಿನ ಬಿರುಸಾದ ಶಾಫ್ಟ್ ಇರುತ್ತದೆ. ನಿಧಾನವಾಗಿ ಬೀಸುವವರು ಅದರಿಂದ ಹೊಡೆದರೆ ಚೆಂಡು ಮೇಲೇಳುವುದು ಕಷ್ಟ. ಅವರಿಗೆ ‘ಆರ್’ ಗುರುತಿನದು, ವಯಸ್ಸಾದವರಿಗೆ ಇನ್ನೂ ಮೆತ್ತಗಿನದು ಸರಿ.

ಹಣ ಕೊಡುವ ಮೊದಲು ಒಂದೊಂದೇ ಕ್ಲಬ್ಬನ್ನು ಬೆಳಕಿನಲ್ಲಿ ನೋಡಬೇಕು. ಶಾಫ್ಟ್ ತಲೆಯೊಳಗೆ ಹೋಗುವ ಜಾಗದಲ್ಲಿ ಕಪ್ಪು ಪ್ಲಾಸ್ಟಿಕ್ ಬಳೆಯೊಂದಿರುತ್ತದೆ. ಅದರ ಕೆಳಗೆ ಸಂದು ಕಂಡರೆ ಅಂಟು ಬಿಡುತ್ತಿರುವ ಸೂಚನೆ. ತಲೆಯನ್ನು ಹಿಡಿದು ತಿರುಗಿಸಿದರೆ ಅಲುಗಬಾರದು, ಕುಲುಕಿದರೆ ಒಳಗೆ ಏನೂ ಸದ್ದಾಗಬಾರದು. ಗ್ರಾಫೈಟ್ ಶಾಫ್ಟಿನ ಮೇಲೆ ಉಗುರು ಎಳೆದಾಗ ತಡೆದರೆ ಅಲ್ಲಿ ಬಿರುಕಿರಬಹುದು. ಉಕ್ಕಿನ ಶಾಫ್ಟಿನಲ್ಲಿ ನೋಡಬೇಕಾದ್ದು ತುಕ್ಕು ಮತ್ತು ಸೊಟ್ಟು. ಐರನ್ ಮುಖದ ಗೀರುಗಳು ನುಣುಪಾಗಿದ್ದರೆ ಹೋಲ್ ಸುತ್ತಲಿನ ಗ್ರೀನ್ ಮೇಲೆ ಚೆಂಡು ನಿಲ್ಲದೆ ಓಡುತ್ತದೆ. ವೆಜ್‌ಗಳು ಎಲ್ಲಕ್ಕಿಂತ ಬೇಗ ಸವೆಯುವುದರಿಂದ ಅವನ್ನು ಹೊಸದಾಗಿ ಕೊಂಡರೂ ನಷ್ಟವಿಲ್ಲ. ಗಟ್ಟಿಯಾಗಿ ಜಾರುವ ಗ್ರಿಪ್ ಕಂಡು ಹೆದರಬೇಕಾಗಿಲ್ಲ, ಅದನ್ನು ಬದಲಾಯಿಸಬಹುದು. ಆದರೆ ಆ ಖರ್ಚನ್ನು ಕ್ಲಬ್ಬಿನ ಬೆಲೆಗೆ ಸೇರಿಸಿಯೇ ಚೌಕಾಸಿ ಮಾಡಬೇಕು.

ಮೊಬೈಲಿನಲ್ಲಿ ಫೋಟೊ ನೋಡಿ ಕೊಳ್ಳುವವರಿಗೆ ನಕಲಿ ಮಾಲಿನ ಅಪಾಯ ಹೆಚ್ಚು. ಹೊಚ್ಚ ಹೊಸ ಮಾದರಿ ಅರ್ಧಕ್ಕಿಂತ ಕಡಿಮೆ ಬೆಲೆಗೆ ಬಂದರೆ ಅನುಮಾನಿಸಲೇಬೇಕು. ಅಂಚು ಮೀರಿದ ಬಣ್ಣ, ಒರಟಾಗಿ ಕೊರೆದ ಅಕ್ಷರ, ಸೀರಿಯಲ್ ನಂಬರ್ ಇರಬೇಕಾದಲ್ಲಿ ಇಲ್ಲದಿರುವುದು ಇವೆಲ್ಲ ನಕಲಿಯ ಗುರುತುಗಳು. ಡ್ರೈವಿಂಗ್ ರೇಂಜಿನಲ್ಲಿ ಒಂದು ಬಕೆಟ್ ಚೆಂಡು ಹೊಡೆದು ನೋಡಲು ಒಪ್ಪುವ ಮಾರಾಟಗಾರರನ್ನೇ ಹುಡುಕುವುದು ಒಳ್ಳೆಯದು.

ಕೊಂಡ ಮೇಲೆ ಸೆಟ್ಟನ್ನು ಕಾರಿನ ಡಿಕ್ಕಿಯಲ್ಲಿ ಬಿಟ್ಟುಬಿಡುವ ರೂಢಿ ಹಲವರಿಗಿದೆ. ಪುಣೆಯ ಏಪ್ರಿಲ್ ಬಿಸಿಲಿನಲ್ಲಿ ಮುಚ್ಚಿದ ಡಿಕ್ಕಿ ಕಾದಾಗ ತಲೆಯನ್ನು ಶಾಫ್ಟಿಗೆ ಹಿಡಿದಿಟ್ಟ ಎಪಾಕ್ಸಿ ಅಂಟು ಸಡಿಲವಾಗಬಹುದು, ಗ್ರಿಪ್ ಒಣಗಿ ಬಿರಿಯಬಹುದು. ಮಳೆಗಾಲದಲ್ಲಿ ಒದ್ದೆ ಕ್ಲಬ್ಬನ್ನು ಒರೆಸದೆ ಚೀಲಕ್ಕೆ ಹಾಕಿದರೆ ಉಕ್ಕಿಗೆ ತುಕ್ಕು ಹಿಡಿಯುತ್ತದೆ. ಆಟ ಮುಗಿದೊಡನೆ ಒಣಬಟ್ಟೆಯಲ್ಲಿ ಒರೆಸಿ ಮನೆಯೊಳಗೇ ಇಡಬೇಕು.