ಸ್ನಾನದ ತೊಟ್ಟಿಯಲ್ಲಿ ಈಜು ಕಲಿತ ಮರದ ಮೀನು

ನಮ್ಮ ಮನೆಯಲ್ಲಿ ಯಾರೂ ಮೀನು ತಿನ್ನುವುದಿಲ್ಲ. ಆದರೂ ಜುಲೈ ರಜೆಯಲ್ಲಿ ನಾನು ನಾಲ್ಕು ಮೀನು ಮಾಡಿದೆ. ಮೂರು ಕೆಟ್ಟವು, ನಾಲ್ಕನೆಯದು ಈಜಿತು.

ಇವು ಮರದ ಮೀನುಗಳು. ಇಲ್ಲಿ ಇವನ್ನು ಲೂರ್ ಎನ್ನುತ್ತಾರೆ. ಗಾಳಕ್ಕೆ ಎರೆಹುಳು ಸಿಕ್ಕಿಸುವ ಬದಲು ಇದನ್ನು ದಾರಕ್ಕೆ ಕಟ್ಟಿ ನೀರಿನಲ್ಲಿ ಎಳೆದರೆ, ನಿಜವಾದ ಸಣ್ಣ ಮೀನೆಂದುಕೊಂಡು ದೊಡ್ಡ ಮೀನು ಬಾಯಿ ಹಾಕುತ್ತದೆ.

ಆಸೆ ಹುಟ್ಟಿದ್ದು ಆಕ್ಲೆಂಡ್ ಮ್ಯೂಸಿಯಂನಲ್ಲಿ. ಅಲ್ಲಿ ಮಾವೋರಿ ಜನರ 'ಪಾ ಕಹವಾಯಿ' ನೋಡಿದೆ. ಮರದ ಅಥವಾ ಮೂಳೆಯ ತುಂಡಿಗೆ ಪಾವಾ ಚಿಪ್ಪು ಕೂರಿಸಿ, ಮೂಳೆಯ ಕೊಕ್ಕೆ ಕಟ್ಟಿ, ದೋಣಿಯ ಹಿಂದೆ ಎಳೆಯುತ್ತಿದ್ದರು. ಎರೆಯೇ ಬೇಡ, ಚಿಪ್ಪಿನ ಹೊಳಪೇ ಕಹವಾಯಿ ಮೀನನ್ನು ಕರೆಯುತ್ತಿತ್ತು.

ನಾನು ಆರಿಸಿಕೊಂಡದ್ದು ನಡುವೆ ಕೀಲಿರುವ ಲೂರ್. ಮಾಡುವ ಕ್ರಮ ಹೀಗಿದೆ:

1. ಸುಮಾರು 10 ಸೆಂಟಿಮೀಟರ್ ಉದ್ದದ ಪೈನ್ ತುಂಡಿನ ಮೇಲೆ ಮೀನಿನ ಆಕಾರ ಬರೆದು ಕತ್ತರಿಸಿ, ಮರಳು ಕಾಗದದಿಂದ ಉಜ್ಜಬೇಕು.
2. ನಡುವಿನಲ್ಲಿ ಎರಡು ತುಂಡು ಮಾಡಿ, ಕೀಲಿನ ಕಡೆಯ ಅಂಚುಗಳನ್ನು ಓರೆಯಾಗಿ ಕೆತ್ತಬೇಕು. ಇಲ್ಲದಿದ್ದರೆ ಬಾಲ ತಿರುಗುವುದಿಲ್ಲ.
3. ಎರಡೂ ತುಂಡಿಗೆ ಉಂಗುರವಿರುವ ಸ್ಕ್ರೂ ಹಾಕಿ, ಒಂದರೊಳಗೆ ಇನ್ನೊಂದನ್ನು ಕೊಂಡಿಯಂತೆ ಸೇರಿಸಬೇಕು.
4. ಗಲ್ಲದ ಕೆಳಗೆ ಸೀಳು ಮಾಡಿ ಗಟ್ಟಿ ಪ್ಲಾಸ್ಟಿಕ್ಕಿನ ನಾಲಿಗೆ ಅಂಟಿಸಬೇಕು.

ಈ ನಾಲಿಗೆಯೇ ಮುಖ್ಯ. ಎಳೆದಾಗ ನೀರು ಅದನ್ನು ಒತ್ತುತ್ತದೆ. ತಲೆ ಕೆಳಗಿಳಿದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲುತ್ತದೆ. ಬಾಲ ಸ್ವಲ್ಪ ತಡವಾಗಿ ಹಿಂಬಾಲಿಸುತ್ತದೆ. ಆ ತಡವೇ ಮರಕ್ಕೆ ಜೀವ ಕೊಡುವುದು.

ಮೊದಲನೆಯದನ್ನು ಸ್ನಾನದ ತೊಟ್ಟಿಯಲ್ಲಿ ಬಿಟ್ಟಾಗ ಸತ್ತ ಮೀನಿನಂತೆ ಮಗ್ಗುಲಾಗಿ ಮಲಗಿತು. ಹೊಟ್ಟೆಯಲ್ಲಿ ಭಾರವಿರಲಿಲ್ಲ. ಎರಡನೆಯದರ ಹೊಟ್ಟೆಗೆ ರಂಧ್ರ ಕೊರೆದು ಸ್ಟೀಲ್ ಬೋಲ್ಟಿನ ಚೂರು ಅಂಟಿಸಿದೆ. (ಸೀಸ ವಿಷ, ಅದು ಬೇಡ.) ಅದು ನೆಟ್ಟಗೆ ನಿಂತಿತು, ಆದರೆ ಕೀಲಿನಲ್ಲಿ ಜಾಗ ಸಾಲದೆ ಕೋಲಿನಂತೆ ಬಂತು. ಮೂರನೆಯದು ಚೆನ್ನಾಗಿ ಈಜಿತು, ಮರುದಿನ ಬಣ್ಣ ಬಿರುಕು ಬಿಟ್ಟಿತು. ಸ್ಕ್ರೂ ರಂಧ್ರದಿಂದ ನೀರು ಒಳಗೆ ಹೋಗಿ ಮರ ಊದಿತ್ತು.

ಆಗ ಅಜ್ಜಿ ಕಳಿಸಿದ್ದ ಚನ್ನಪಟ್ಟಣದ ಗೊಂಬೆ ಕಣ್ಣಿಗೆ ಬಿತ್ತು. ಮಗುವಾಗಿದ್ದಾಗ ನಾನು ಚೀಪಿದ ಗೊಂಬೆ, ಇನ್ನೂ ಬಣ್ಣ ಬಿಟ್ಟಿಲ್ಲ. ಅಲ್ಲಿನವರು ಆಲೆ ಮರವನ್ನು ಚೆನ್ನಾಗಿ ಒಣಗಿಸಿ, ತಿರುಗುವ ಮರಕ್ಕೆ ಅರಗನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿದುಕೊಳ್ಳುತ್ತದೆ. ನನ್ನ ಬಳಿ ಅರಗೂ ಇಲ್ಲ, ಆ ಕೈಯೂ ಇಲ್ಲ. ತಾಳ್ಮೆಯನ್ನು ಮಾತ್ರ ಎರವಲು ಪಡೆದೆ. ನಾಲ್ಕನೆಯದಕ್ಕೆ ರಂಧ್ರಗಳಲ್ಲಿ ಮೊದಲೇ ಎಪಾಕ್ಸಿ ಅಂಟು ತುಂಬಿದೆ. ಮೂರು ಸಲ ವಾರ್ನಿಶ್ ಹಚ್ಚಿ, ಪ್ರತಿ ಸಲವೂ ಪೂರ್ತಿ ಒಣಗಲು ಬಿಟ್ಟೆ.

ಅದು ತೊಟ್ಟಿಯಲ್ಲಿ ಬಳುಕುತ್ತಾ ಬಂದಾಗ ಅಮ್ಮನನ್ನು ಕೂಗಿ ಕರೆದೆ. ಅಮ್ಮ ಸ್ವಲ್ಪ ಹೊತ್ತು ನೋಡಿ, "ಚೆನ್ನಾಗಿದೆ ಕಣೋ. ಆದ್ರೆ ಒಂದು ಜೀವಕ್ಕೆ ಮೋಸ ಮಾಡೋಕೆ ಇಷ್ಟೊಂದು ಕಷ್ಟಪಟ್ಯಾ?" ಅಂದರು.

ನನಗೆ ಉತ್ತರ ಹೊಳೆಯಲಿಲ್ಲ. ಕೊಕ್ಕೆಗಳು ಎರಡು ವಾರ ಡಬ್ಬಿಯಲ್ಲೇ ಇದ್ದವು. ಕೊನೆಗೆ ಒಂದೇ ಕೊಕ್ಕೆ ಹಾಕಿ, ಮೀನನ್ನು ಬಿಡಿಸುವುದು ಸುಲಭವಾಗಲೆಂದು ಅದರ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದೆ. ಅಪ್ಪನ ಜೊತೆ ಜೆಟ್ಟಿಗೆ ಹೊರಟಾಗ ಅಮ್ಮನೂ ಬಂದರು.

ಒಂದು ಗಂಟೆಯ ಮೇಲೆ ಕಹವಾಯಿ ಒಂದು ಹಿಡಿಯಿತು. ದಾರ ಕೈಯಲ್ಲಿ ನಡುಗಿತು. ಅಪ್ಪ ಬಲೆಯಲ್ಲಿ ಎತ್ತಿದರು, ನಾನು ಕೈ ಒದ್ದೆ ಮಾಡಿಕೊಂಡು ಕೊಕ್ಕೆ ಬಿಡಿಸಿ ನೀರಿಗೆ ಬಿಟ್ಟೆ. ಬಾಲ ಬೀಸಿ ಹೋಯಿತು. ನನ್ನ ಮರದ ಮೀನು ಅಷ್ಟು ಚೆನ್ನಾಗಿ ಎಂದೂ ಈಜುವುದಿಲ್ಲ.

"ಬದುಕುತ್ತಾ?" ಅಮ್ಮ ಕೇಳಿದರು. "ಬದುಕುತ್ತೆ ಅನ್ಕೋತೀನಿ," ಅಂದೆ. ಖಚಿತವಾಗಿ ಹೇಳಲಾಗಲಿಲ್ಲ.

ಈಗ ಐದನೆಯದನ್ನು ಕೆತ್ತುತ್ತಿದ್ದೇನೆ. ಕೊಕ್ಕೆ ಹಾಕುವುದೋ ಬೇಡವೋ ಇನ್ನೂ ತೀರ್ಮಾನಿಸಿಲ್ಲ.

ಚಿಕ್ಕ ಮಕ್ಕಳೇ, ಗರಗಸ, ಡ್ರಿಲ್ ಮುಟ್ಟುವಾಗ ದೊಡ್ಡವರು ಜೊತೆಗಿರಲಿ. ಕೊಕ್ಕೆಯಿಲ್ಲದೆಯೂ ಇದು ಒಳ್ಳೆಯ ಆಟಿಕೆ. ಪೋಷಕರೇ, ಇಲ್ಲಿ ಸಮುದ್ರದಲ್ಲಿ ಹವ್ಯಾಸಕ್ಕೆ ಮೀನು ಹಿಡಿಯಲು ಪರವಾನಗಿ ಬೇಡ, ಆದರೆ ಅಳತೆ ಮತ್ತು ಸಂಖ್ಯೆಯ ಮಿತಿಗಳಿವೆ. ನದಿ, ಸರೋವರಗಳ ಟ್ರೌಟ್‌ಗೆ ಪರವಾನಗಿ ಬೇಕೇ ಬೇಕು.